ಶುಕ್ರವಾರಕ್ಕೆ ಸಿಗದ ತೊಟ್ಟಿ

ಇವತ್ತು ಅಕ್ವೇರಿಯಂಗೆ ಕೆಸರು ಹಾಕುವಾಗ ಬಂದ ವಾಸನೆ ನನ್ನನ್ನು ಕಮಲಾಪುರದ ಹಳೆಯ ಪಡಸಾಲೆಗೆ ಎಳೆದೊಯ್ದಿತು.

ಅಪ್ಪ ಹೊಸಪೇಟೆಯಿಂದ ತಂದ ಗಾಜಿನ ತೊಟ್ಟಿಯಲ್ಲಿ ನಾನು ನೆಟ್ಟ ನೀರುಗಿಡಗಳೆಲ್ಲ ಕರಗಿಹೋಗುತ್ತಿದ್ದವು. ಶುಕ್ರವಾರ ಬಂತೆಂದರೆ ಅವ್ವ ಕುಡಿಯುವ ನೀರಿನ ಕೊಡಗಳ ಜೊತೆ ಅದನ್ನೂ ಬರಿದು ಮಾಡಿ ತಿಕ್ಕಿಬಿಡುತ್ತಿದ್ದಳು.

ಭತ್ತದ ನಾಟಿಯಲ್ಲೇ ಬದುಕು ಸವೆಸಿದ ಅಜ್ಜಿ ಸಿಡಿದಳು. "ನಾಟಿ ಹಚ್ಚಿದ ಗದ್ದೀನ ವಾರಕ್ಕೊಮ್ಮೆ ತೊಳೀತಾರೇನು? ಬೇರು ಹಿಡಿಯೋತನಕ ಮುಟ್ಟಬ್ಯಾಡ!"

ತೊಟ್ಟಿಯ ತಳಕ್ಕೆ ಗದ್ದೆಯ ಕೆಸರು ಹಾಕಿ, ಮೇಲೆ ಮರಳು ಹರಡಿ, ಹೆಬ್ಬೆರಳಿನಿಂದ ಒಂದೊಂದೇ ಗಿಡ ಒತ್ತಿದಳು. ಅವ್ವ ಮೂರು ಶುಕ್ರವಾರ ಹಲ್ಲು ಕಚ್ಚಿ ಕೊಡಗಳನ್ನಷ್ಟೇ ತಿಕ್ಕಿದಳು. ನಾಲ್ಕನೆಯದಕ್ಕೆ ತಿಳಿನೀರಿನಲ್ಲಿ ಕೆಂಪು ಚಿಗುರು ನೆಟ್ಟಗೆ ನಿಂತಿತ್ತು. ಓಣಿಯವರನ್ನೆಲ್ಲ ಕರೆದವಳು ಅವ್ವನೇ: "ಬರ್ರಿ, ನಮ್ಮ ಗದ್ದಿ ನೋಡ್ರಿ!"

ಇವತ್ತೂ ಶುಕ್ರವಾರ. ನನ್ನ ಹೆಂಡತಿ ಬಟ್ಟೆ ಹಿಡಿದು ತೊಟ್ಟಿಯ ಹತ್ತಿರ ಬಂದಳು. ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ಅವ್ವ ಗದರಿದಳು: "ಮುಟ್ಟಬ್ಯಾಡ, ಬೇರು ಹಿಡೀಲಿ!"