ಪೈಪಿಗೆ ಅಂಗಿ ಹೊಲಿದ ಕೊನ್ಸೆಪ್ಟಾ

ಮನುಷ್ಯರಿಗೆ ಹೊಲಿದದ್ದಕ್ಕಿಂತ ಪೈಪಿಗೆ ಹೊಲಿದ ಅಂಗಿಯೇ ಜಾಸ್ತಿ ಅಂತ ಕೊನ್ಸೆಪ್ಟಾ ಬಾಯಿಯ ಬಗ್ಗೆ ನಮ್ಮ ಕಟ್ಟಡದವರು ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳಿದ್ದೂ ಅಲ್ಲ, ಮೆಟ್ಟಿಲಿನಲ್ಲಿ ಎದುರಿಗೆ ಸಿಕ್ಕಾಗಲೇ ಹೇಳುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಕಟ್ಟಡ ಇರುವುದು ಕತಾರಿನ ಅಲ್ ಮುಂತಜಾದಲ್ಲಿ. ನಾಲ್ಕು ಮಹಡಿ, ಎಂಟು ಮನೆ, ತಾರಸಿಯ ಮೇಲೆ ಎಂಟು ಮನೆಗೂ ಸೇರಿ ಒಂದೇ ಟ್ಯಾಂಕು. ಮೇ ತಿಂಗಳು ಬಂತೆಂದರೆ ಆ ಟ್ಯಾಂಕಿನಿಂದ ಇಳಿಯುವ ಪೈಪುಗಳು ಬಿಸಿಲಿಗೆ ಕಾದು, ತಣ್ಣೀರಿನ ನೀಲಿ ನಲ್ಲಿಯಲ್ಲಿ ಚಹಾ ಮಾಡುವಷ್ಟು ಬಿಸಿ ನೀರು ಬರುತ್ತದೆ. ಮದುವೆಯಾಗಿ ಕಿನ್ನಿಗೋಳಿಯಿಂದ ಬಂದ ಮೊದಲ ಬೇಸಿಗೆಯಲ್ಲೇ ಕೊನ್ಸೆಪ್ಟಾಗೆ ಇದು ಗೊತ್ತಾಯಿತು. ಮರುವರ್ಷ ಏಪ್ರಿಲಿನಲ್ಲಿ ಆಕೆ ಹಳೆಯ ರಜಾಯಿ ಕತ್ತರಿಸಿದಳು. ಕಾರಿನ ಗಾಜಿಗೆ ಅಡ್ಡ ಇಡುತ್ತಾರಲ್ಲ, ಆ ಬೆಳ್ಳಿ ಬಣ್ಣದ ಹಾಳೆಯನ್ನು ರಜಾಯಿಯ ಮೇಲಿಟ್ಟು ಹೊಲಿದಳು. ಉದ್ದ ತೋಳಿನಂಥ ಅಂಗಿ, ಬದಿಗೆ ಲಾಡಿ. ತಾರಸಿ ಹತ್ತಿ ಪೈಪುಗಳಿಗೆಲ್ಲ ತೊಡಿಸಿ ಕಟ್ಟಿ ಬಂದಳು. ಅಂದಿನಿಂದ ಇಪ್ಪತ್ತಾರು ವರ್ಷ ತಪ್ಪದೆ ತೊಡಿಸಿದಳು.

ಅಂಗಿ ತೊಟ್ಟರೂ ನೀರು ಪೂರ್ತಿ ತಂಪಾಗುವುದಿಲ್ಲ, ಕೈ ಸುಡುವುದಿಲ್ಲ ಅಷ್ಟೆ. ಅದಕ್ಕೇ ಇಲ್ಲಿಯವರದು ಇನ್ನೊಂದು ಪದ್ಧತಿ. ಬೇಸಿಗೆಯಲ್ಲಿ ಬಚ್ಚಲಿನ ಹೀಟರನ್ನು ಆರಿಸಿಬಿಡುತ್ತೇವೆ. ಏಸಿಯ ತಂಪಿನಲ್ಲಿ ನಿಂತ ಹೀಟರಿನ ನೀರು ಹಾಯಾಗಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೀಟರಿನ ಕೆಂಪು ನಲ್ಲಿಯೇ ತಣ್ಣೀರು, ನೀಲಿ ನಲ್ಲಿಯೇ ಬಿಸಿನೀರು. ನಮಗೆ ಇದು ಕೈಗೇ ರೂಢಿ.

ನೆಲಮಹಡಿಯ ಶೇಖಪ್ಪ ಗದಗ ಕಡೆಯವನು, ಗ್ಯಾಸ್ ಸ್ಥಾವರದಲ್ಲಿ ಕೆಲಸ. ಎರಡು ಚಳಿಗಾಲ ಕಝಾಕಸ್ತಾನದಲ್ಲಿ ದುಡಿದು ಬಂದಿದ್ದ. ಅವನು ಕೆಣಕದ ವರ್ಷವಿಲ್ಲ.

"ಏನ್ರೀ ಅಕ್ಕಾರ, ಪೈಪಿಗೆ ಥಂಡಿ ಆಗೇತೇನು? ಅಲ್ಲಿ ನಳದಾಗಿನ ನೀರು ಕಲ್ಲಿನಂಗ ಗಟ್ಟಿಯಾಗಿ ಪೈಪ್ ಒಡೀತಾವಂತ ಬಟ್ಟಿ ಸುತ್ತತಿದ್ರು. ಬ್ಯಾಸಗ್ಯಾಗ ಸ್ವೆಟರ್ ತೊಡಸಾವ್ರನ್ನ ನಿಮ್ಮನ್ನಷ್ಟ ಕಂಡೆ ನೋಡ್ರಿ!"

"ಅಂಗಿ ಒಂದೇ ಮಾರಾಯ. ಅಲ್ಲಿ ಚಳಿಗೆ, ಇಲ್ಲಿ ಬಿಸಿಲಿಗೆ. ನೀನು ಸುಮ್ಮನೆ ಏಣಿ ಹಿಡಿ."

ಅವನು ನಗುತ್ತ ಏಣಿ ಹಿಡಿಯುತ್ತಿದ್ದ.

ಕಳೆದ ವರ್ಷ ಆಕೆಯ ಗಂಡ ಲಿಯೋಗೆ ನಿವೃತ್ತಿಯಾಯಿತು. ಸೆಪ್ಟೆಂಬರಿನಲ್ಲಿ ಊರಿಗೆ, ಖಲಾಸ್. ಜುಲೈಯಿಂದಲೇ ಮನೆ ತುಂಬ ರಟ್ಟಿನ ಪೆಟ್ಟಿಗೆ. ಆಗಸ್ಟಿನಲ್ಲಿ ಒಂದು ಹಗಲು ಮರಳುಗಾಳಿ ಬೀಸಿ ಮೇಲಿನ ಮಹಡಿಗೆ ಇಳಿಯುವ ಪೈಪಿನ ಅಂಗಿಯನ್ನು ಹರಿದುಕೊಂಡು ಹೋಯಿತು. ಕೊನ್ಸೆಪ್ಟಾ ನೋಡಿದಳು. ನಾಳೆ ಹೊಲಿಯುತ್ತೇನೆ ಅಂದುಕೊಂಡಳು. ಪೆಟ್ಟಿಗೆಗಳ ನಡುವೆ ಆ ನಾಳೆ ನಾಲ್ಕು ದಿನವಾಯಿತು.

ಆ ಮೇಲಿನ ಮಹಡಿಯಲ್ಲಿ ಅಸೀಫಾಳ ಮನೆ. ಅವಳ ಮಗುವಿಗೆ ಇಪ್ಪತ್ತೆರಡು ದಿನ. ಬಾಣಂತನಕ್ಕೆಂದು ಅವಳ ಅಮ್ಮ ನಫೀಸಾ ವಿಟ್ಲದಿಂದ ಮೊದಲ ಸಲ ಕತಾರಿಗೆ ಬಂದಿದ್ದರು. ಅಂಗಿ ಹರಿದ ಐದನೆಯ ದಿನ ಬೆಳಿಗ್ಗೆ ನಫೀಸಾ ಪಾತ್ರೆ ತೊಳೆಯಲು ನೀಲಿ ನಲ್ಲಿ ತಿರುಗಿಸಿದರೆ ಕೆಂಡದಂಥ ನೀರು. ಊರಿನವರಿಗೆ ಏನು ಅನಿಸಬೇಕೋ ಅದೇ ಅನಿಸಿತು: ಹುಡುಗಿ ಹೀಟರು ಆರಿಸಲು ಮರೆತಿದ್ದಾಳೆ. ಕನ್ನಡಕ ಹಾಕಿರಲಿಲ್ಲ. ಬಚ್ಚಲಿನ ಹೊರಗೆ, ಬಾಗಿಲಿನ ಮೇಲಿದ್ದ ಹೀಟರಿನ ಸ್ವಿಚ್ಚನ್ನು ತಡಕಿ ಅದುಮಿದರು. ಮೂರು ತಿಂಗಳಿಂದ ಆರಿದ್ದ ಹೀಟರು ಉರಿಯತೊಡಗಿತು. ಕರೆಂಟು ಉಳಿಸಿದೆ ಅಂದುಕೊಂಡು ಅವರು ರೊಟ್ಟಿ ಬೇಯಿಸಲು ಹೋದರು.

ಎರಡು ಗಂಟೆ ಕಳೆಯಿತು. ಇತ್ತ ಕೊನ್ಸೆಪ್ಟಾಳ ಮನಸ್ಸು ಕುಟುಕುತ್ತಲೇ ಇತ್ತು. ಅಂಗಿ ಹೊಲಿಯುವವರೆಗೆ ನೀಲಿ ನಲ್ಲಿ ಮುಟ್ಟಬೇಡಿ ಅಂತಾದರೂ ಹೇಳಿ ಬರೋಣ ಎಂದು ಮೆಟ್ಟಿಲು ಹತ್ತಿದಳು. ನಫೀಸಾ ಬಾಗಿಲು ತೆಗೆದರು. ಒಳಗೆ ಬಚ್ಚಲಿನಲ್ಲಿ ನಲ್ಲಿಯ ಸದ್ದು, ಅಸೀಫಾ ಮಗುವಿಗೆ ಏನೋ ಗುನುಗುವ ಸದ್ದು. ಕೊನ್ಸೆಪ್ಟಾ ಅಭ್ಯಾಸಬಲದಿಂದ ಬಾಗಿಲಿನ ಮೇಲೆ ನೋಡಿದಳು. ಸ್ವಿಚ್ಚಿನ ಪುಟ್ಟ ಕೆಂಪು ದೀಪ ಹೊತ್ತಿತ್ತು.

ಅಸೀಫಾ ಅಜಾಗರೂಕಳಲ್ಲ. ಕೆಂಪು ನಲ್ಲಿಯ ನೀರನ್ನು ಬೆರಳಿನಿಂದ ಮುಟ್ಟಿ ನೋಡಿದ್ದಳು, ತಂಪಿತ್ತು. ಆದರೆ ಮೊದಲು ಬರುವುದು ಪೈಪಿನಲ್ಲಿ ನಿಂತ ನೀರು, ಎರಡು ಚೊಂಬು ತಂಪಾಗಿಯೇ ಬರುತ್ತದೆ. ಕುದಿಯುವುದು ಅದರ ಹಿಂದೆ ಇರುತ್ತದೆ.

"ಅಸೀಫಾ, ಮಗುವನ್ನು ತೆಗಿ! ತೆಗಿ ಅಂದೆ!"

ಮಗುವನ್ನು ಮುಂಗೈ ಮೇಲೆ ಮಲಗಿಸಿಕೊಂಡು ನಲ್ಲಿಯ ಕಡೆ ಬಾಗಿದ್ದ ಅಸೀಫಾ ಬೆಚ್ಚಿ ನಿಂತಳು. ಅಷ್ಟರಲ್ಲಿ ಕೊನ್ಸೆಪ್ಟಾ ಒಳಗೆ ನುಗ್ಗಿ ಮಗುವಿಗೂ ನಲ್ಲಿಗೂ ನಡುವೆ ತನ್ನ ಬಲಗೈ ಚಾಚಿದ್ದಳು. ಅದೇ ಗಳಿಗೆಗೆ ಹಿಂದಿನ ಕುದಿನೀರು ಬಂತು.

ಮಗುವಿಗೆ ಒಂದು ಹನಿ ತಾಗಲಿಲ್ಲ. ಕೊನ್ಸೆಪ್ಟಾಳ ಅಂಗೈ ಹಿಂಬದಿ ಮಣಿಕಟ್ಟಿನವರೆಗೆ ಬೊಬ್ಬೆ ಎದ್ದಿತು.

ನಫೀಸಾ ನೆಲದ ಮೇಲೆ ಕೂತುಬಿಟ್ಟರು. "ನಾನೇ ಬಾಯಮ್ಮ, ನಾನೇ ಒತ್ತಿದ್ದು. ನನ್ನ ಮೊಮ್ಮಗಳನ್ನು ನಾನೇ..."

"ಎಂತ ನೀವೇ? ನಾಲ್ಕು ದಿನದಿಂದ ಅಂಗಿ ಹೊಲಿಯದೆ ಕೂತದ್ದು ನಾನು. ಏಳಿ, ಮೊದಲು ಮಗುವನ್ನು ಒರೆಸಿ. ನನಗೆ ಫ್ರಿಜ್ಜಿನ ನೀರು ಕೊಡಿ."

ಡಾಕ್ಟರು ಮೂರು ವಾರ ಸೂಜಿ ಹಿಡಿಯಬಾರದು ಅಂದರು. ಹೊರಡಲು ಉಳಿದದ್ದೇ ಮೂರು ವಾರ. ಮೇಲಿನ ಪೈಪು ಬೆತ್ತಲೆಯಾಗಿಯೇ ಇತ್ತು. ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಿಗೆ ಲಿಯೋ ತೆರೆದರೆ ನಫೀಸಾ, ಈ ಸಲ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಒಂದು ದುಪ್ಪಟಿ ಹಿಡಿದು ನಿಂತಿದ್ದರು.

"ಮಿಷನ್ ತುಳಿಯಲು ನನಗೆ ಬರ್ತದೆ. ಅಳತೆ ನೀವು ಹೇಳಿ."

ಅಂಗಿ ಒಂದರಲ್ಲಿ ನಿಲ್ಲಲಿಲ್ಲ. ಕೈ ಸುಟ್ಟ ಸುದ್ದಿ ಎಂಟು ಮನೆಗೂ ಹರಡಿತ್ತು. ಒಬ್ಬೊಬ್ಬರೂ ತಮ್ಮ ಕಾರಿನ ಬೆಳ್ಳಿ ಹಾಳೆ ತಂದು ಕೊನ್ಸೆಪ್ಟಾಳ ಬಾಗಿಲಲ್ಲಿ ಇಟ್ಟು ಹೋದರು. ಆಕೆ ಕುರ್ಚಿಯಲ್ಲಿ ಕೂತು ಎಡಗೈಯಿಂದ ತೋರಿಸುತ್ತಿದ್ದಳು, ನಫೀಸಾ ಹೊಲಿಯುತ್ತಿದ್ದರು, ಅಸೀಫಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಲಾಡಿ ಸೇರಿಸುತ್ತಿದ್ದಳು. ಏಣಿ ಹಿಡಿಯುತ್ತಿದ್ದ ಶೇಖಪ್ಪ ಈ ಸಲ ಏಣಿ ಹತ್ತಿದ.

"ಹೆಂಗೈತ್ರಿ ಅಕ್ಕಾರ, ಮದುಮಗನ ಪೋಷಾಕು?"

"ಗಂಟು ಸಡಿಲ ಉಂಟು. ಪುನಃ ಕಟ್ಟು."

ಹೊರಡುವ ದಿನ ಬೆಳಿಗ್ಗೆ ಮನೆ ಖಾಲಿಯಾಗಿತ್ತು. ಹೊಲಿಗೆ ಯಂತ್ರ ಆಗಲೇ ಅಸೀಫಾಳ ಮನೆ ಸೇರಿತ್ತು. ಅದರ ಸೆಳೆಖಾನೆಯಲ್ಲಿ ಪೈಪುಗಳ ಅಳತೆ ಬರೆದ ಚೀಟಿ, ಪೈಪಿಗೊಂದು ಸಾಲು. ಮೆಟ್ಟಿಲಿನಲ್ಲಿ ನಾವೆಲ್ಲ ನಿಂತಿದ್ದೆವು. ಯಾರಿಗೂ ತಮಾಷೆ ಹೊಳೆಯಲಿಲ್ಲ. ಕೊನೆಗೆ ನಫೀಸಾ ಮಗುವನ್ನು ಆಕೆಯ ತೋಳಿಗೆ ಕೊಟ್ಟು, "ನಿಮ್ಮ ಕೈಯ ಋಣ ಇವಳ ಮೈ ಮೇಲೆ ಉಂಟು ಬಾಯಮ್ಮ," ಅಂದರು.

"ನಿಮ್ಮೆಲ್ಲರ ಋಣವೇ ನನ್ನ ಮೇಲೆ ಜಾಸ್ತಿ ಉಂಟು," ಅಂದಳು ಕೊನ್ಸೆಪ್ಟಾ. "ಇಪ್ಪತ್ತಾರು ವರ್ಷ ನಗಿಸಿದ್ದೀರಿ ನನ್ನನ್ನು."

ಕೆಳಗಿಂದ ಲಿಯೋ ಕೂಗಿದ: "ಯಲ್ಲಾ, ಬೇಗ ಬಾ ಕೊನ್ಸಾ! ಟ್ಯಾಕ್ಸಿ ಕಾಯ್ತಾ ಉಂಟು!"

"ಒಂದು ನಿಮಿಷ."

ಆಕೆ ಮತ್ತೆ ಒಳಗೆ ಹೋದಳು. ಬಚ್ಚಲ ಬಾಗಿಲಿನ ಮೇಲಿನ ಸ್ವಿಚ್ಚು ನೋಡಿದಳು. ದೀಪ ಆರಿತ್ತು. ಬೇಸಿಗೆಯಲ್ಲಿ ಇದನ್ನು ಒತ್ತಬಾರದು ಅಂತ ಬರುವವರಿಗೆ ಗೊತ್ತಾಗಲೆಂದು ಅದರ ಮೇಲೆ ಹೊಲಿಗೆಯ ಲಾಡಿಯ ತುಂಡೊಂದನ್ನು ಅಡ್ಡಲಾಗಿ ಅಂಟಿಸಿದಳು. ಕೆಂಪು ನಲ್ಲಿ ತಿರುಗಿಸಿ, ಹೊಸ ಚರ್ಮ ಗುಲಾಬಿಯಾಗಿ ಬಂದಿದ್ದ ಕೈಯನ್ನು ಅದರ ಕೆಳಗೆ ಹಿಡಿದಳು. ಇಲ್ಲಿ ನಲ್ಲಿಗೆ ಬರುವುದು ಸಮುದ್ರದ ನೀರೇ; ಉಪ್ಪು ಕಳೆದುಕೊಂಡು ಅಷ್ಟು ದೂರ ಬಂದ ಆ ನೀರು ತಂಪಾಗಿ ಹರಿಯಿತು. ಮುಖ ತೊಳೆದುಕೊಂಡು, ಹನಿ ಬೀಳದಂತೆ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ, ಒದ್ದೆ ಮುಖದಲ್ಲೇ ಆಚೆ ಬಂದು ಬಾಗಿಲೆಳೆದಳು.