ಕಚ್ಚಿಲ್ಲದ ಕಂಬಿಗೆ ಮಾವನ ರಿಂಗು

ನನ್ನ ಸೋದರಮಾವ ಮೂವತ್ತು ವರ್ಷದಿಂದ ಬಿಡಿಭಾಗದ ಅಂಗಡಿಯಲ್ಲಿ ರಿಂಗು ಮಾರುತ್ತಿದ್ದಾನೆ. ಬೆರಳಿನ ಉಂಗುರವಲ್ಲ, ಚಕ್ರ ಕಂಬಿಯಿಂದ ಜಾರದಂತೆ ತಡೆಯುವ ರಿಂಗು. ಸಾಮಾನ್ಯ ರಿಂಗು ಕೂರಲು ಕಂಬಿಯ ಸುತ್ತ ಕಚ್ಚು ಕೊರೆದಿರಬೇಕು. ನುಣುಪು ಕಂಬಿಗೆ ಬೇರೆ ಜಾತಿ ಇದೆ, ಒಳಗೆಲ್ಲ ಹಲ್ಲು. ಒತ್ತಿದರೆ ಕಂಬಿಯನ್ನು ಕಚ್ಚಿ ಕೂರುತ್ತದೆ. ತೂತಿನೊಳಗೆ ಕೂರಿಸುವುದಾದರೆ ಹಲ್ಲು ಹೊರಗಡೆ.

ಯಾರೇ ಬರಲಿ, ಮಾವನದು ಮೂರು ಪ್ರಶ್ನೆ. ಕಂಬಿಗೋ ತೂತಿಗೋ? ಅಳತೆ ಎಷ್ಟು? ಭಾರ ಯಾವ ಕಡೆಗೆ ನೂಕುತ್ತದೆ? ಉತ್ತರವಿಲ್ಲದವರು ಬರಿಗೈಲಿ ಮನೆಗೆ. ಮದುವೆಗೆ ಮುಂಚೆ ಅತ್ತೆಯ ಬೆರಳನ್ನೂ ಅಂಗಡಿಯ ವರ್ನಿಯರ್ ಅಳತೆಗೋಲಿನಲ್ಲಿ ಅಳೆದ ಪುಣ್ಯಾತ್ಮ. "ಅವತ್ತೇ ಎದ್ದು ಹೋಗ್ಬೇಕಿತ್ತು ನಾನು" ಅಂತ ಅತ್ತೆ ಇವತ್ತಿಗೂ ಗೊಣಗುತ್ತಾಳೆ.

ಹೋದ ವಾರ ಒಂದು ಬೆಳಿಗ್ಗೆ ಹಳೆಯ ರಿಂಗು ಮುರಿದು ಅಮ್ಮನ ವಾಕರಿನ ಚಕ್ರ ಕಳಚಿತು. ಸೊಂಟ ಮುರಿದ ಮೇಲೆ ಅಮ್ಮ ಅದನ್ನು ತಳ್ಳಿಕೊಂಡೇ ಬಚ್ಚಲಿಗೆ ಹೋಗುವುದು. ಮಗನ ತೋಳು ಹಿಡಿದು ಹೋಗಲು ನಾಚಿಕೆ. ಬೆಳಗಿನಿಂದ ಬಿಗಿಹಿಡಿದು ಕೂತಿದ್ದಳು. ನಾನು ಅಂಗಡಿಗೆ ಓಡಿದೆ.

"ಮಾವ, ಹಲ್ಲಿನ ರಿಂಗ್ ಕೊಡು, ಬೇಗ!"

"ಕಂಬಿ ದಪ್ಪ ಎಷ್ಟು ಅಳಿಯ?"

"ನನ್ನ ಕಿರುಬೆರಳಷ್ಟು!"

"ಬೆರಳಿಗೆ ಬೇಕಾದ್ರೆ ಎದುರಿಗೆ ಚಿನ್ನದಂಗಡಿ ಇದೆ, ಹೋಗು."

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿ ಕೂಗಾಡಿದರೂ ಅವನು ಜಗ್ಗಲಿಲ್ಲ. ಮನೆಗೆ ಹೋಗಿ ಅಳೆದು ಮತ್ತೆ ಬಂದೆ. ಎಂಟು ಮಿಲಿಮೀಟರ್. ಮಾವ ಮೂರು ರಿಂಗು ಕೊಟ್ಟ.

"ಒಂದೇ ಸಾಕು."

"ಒಂದು ಚಕ್ರಕ್ಕೆ, ಎರಡು ನಿನ್ನ ಕೋಪಕ್ಕೆ. ಒಂದ್ಸಲ ಕೂತ್ರೆ ವಾಪಸ್ ಬರಲ್ಲ, ನೋಡ್ಕೊಂಡು ಹಾಕು."

ಮನೆಗೆ ಬಂದವನೇ ಕಂಬಿಗೆ ರಿಂಗು ಇಟ್ಟು ಸುತ್ತಿಗೆಯಲ್ಲಿ ಎರಡು ಬಾರಿಸಿದೆ. ಬಂಡೆಯಂತೆ ಕೂತಿತು. ಚಕ್ರ ಮಾತ್ರ ನನ್ನ ತೊಡೆಯ ಮೇಲೇ ಇತ್ತು! ಎಳೆದಷ್ಟೂ ಹಲ್ಲು ಆಳಕ್ಕಿಳಿಯಿತು.

"ಏನೋ, ಮನೆ ಕಟ್ಟೋಕೆ ಮುಂಚೆ ಬೀಗ ಹಾಕ್ಬಿಟ್ಯಾ?" ಅಂದಳು ಅಮ್ಮ. ನಗಲೂ ಹೆದರಿಕೆ ಅವಳಿಗೆ, ಹಾಗಿತ್ತು ಅವಸರ.

ಕೊನೆಗೆ ಫೋನ್ ಮಾಡಿದೆ. ಅಂಗಡಿ ಬಿಟ್ಟು ಕದಲದ ಮಾವ ಹತ್ತೇ ನಿಮಿಷದಲ್ಲಿ ಏದುಸಿರು ಬಿಡುತ್ತಾ ಬಂದ. ರಿಂಗನ್ನು ಕತ್ತರಿಸಿ ತೆಗೆದ. ಕಂಬಿಯ ಗೀರು ಉಜ್ಜಿದ. ಮೊದಲು ಚಕ್ರ, ಆಮೇಲೆ ರಿಂಗು, ಅದರ ಮೇಲೆ ಕೊಳವೆಯ ತುಂಡಿಟ್ಟು ಮೆಲ್ಲಗೆ ತಟ್ಟಿದ. ಚಕ್ರ ಸಲೀಸಾಗಿ ತಿರುಗಿತು.

"ಹಿಡ್ಕೊಳ್ಲಾ ಅಕ್ಕ?"

"ದೂರ ನಿಲ್ರೋ ಇಬ್ರೂ!"

ವಾಕರ್ ದಡದಡ ಉರುಳಿತು. ಬಚ್ಚಲಿನ ಚಿಲಕ ಬಿತ್ತು. ನಾವಿಬ್ಬರೂ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆವು.

"ಏನ್ ಕೇಳ್ತೀರಾ ಅಲ್ಲಿ? ಅತ್ಲಾಗೆ ಹೋಗಿ!" ಒಳಗಿಂದ ಗದರಿಕೆ ಬಂತು.