ಮೇಷ್ಟ್ರು ಮೌನ ಹಿಡಿಯಲಿಲ್ಲ

ಕೊನೆಗಾಲದಲ್ಲಿ ಮೇಷ್ಟ್ರು ತಾವಾಗಿಯೇ ಮೌನ ಹಿಡಿದರು ಅಂತ ಅಗ್ರಹಾರದಲ್ಲಿ ಎಲ್ಲರೂ ಹೇಳುತ್ತಾರೆ. ಅವರ ತಿಥಿಯ ದಿನ ಸಂಜೆ ಮನೆಯ ಜಗಲಿಯಲ್ಲಿ ಸೇರುವ ಹಳೆಯ ಶಿಷ್ಯರಲ್ಲಿ ಒಬ್ಬರಾದರೂ ಈ ಮಾತು ತೆಗೆದು, "ಮಾಗಿದ ಜೀವ" ಅಂತ ಮುಗಿಸುತ್ತಾರೆ. ಕೇಳೋಕೆ ಚೆನ್ನಾಗಿದೆ. ನಿಜವಲ್ಲ, ಅಷ್ಟೇ.

ಈ ಸಲ ಹೋದಾಗ, ಅವರ ಫೋಟೋ ಜಾರದಿರಲಿ ಅಂತ ಹಿಂದುಗಡೆ ಒಂದು ಕಪ್ಪು ಸ್ಪೀಕರನ್ನು ಒತ್ತಿಟ್ಟಿದ್ದರು. ಅದರ ವೈರು ಕತ್ತರಿಸಿಹಾಕಿದ್ದರು. ಹಾರ ಸರಿಮಾಡಲು ಬಗ್ಗಿದೆ. ಹಳೇ ಧೂಳಿನ ವಾಸನೆ... ಆ ಸ್ಪೀಕರೇ ಮೇಷ್ಟ್ರ ಗಂಟಲಾಗಿತ್ತು ಅನ್ನೋದು ಅಲ್ಲಿ ಎಷ್ಟು ಜನಕ್ಕೆ ನೆನಪಿತ್ತೋ.

ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಅವರು. ನಾನು ಪಿಯುಸಿಗೆ ಬರುವಷ್ಟರಲ್ಲಿ ಕ್ಯಾನ್ಸರ್ ಅಂತ ಅವರ ಧ್ವನಿಪೆಟ್ಟಿಗೆ ತೆಗೆದುಬಿಟ್ಟಿದ್ದರು. ಆದರೂ ಪಾಠ ನಿಲ್ಲಲಿಲ್ಲ. ಅವರ ಭಾಮೈದ ಎಲ್ಲಿಂದಲೋ ಸಿ.ಡಿ. ತಂದು, ಮನೆಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಮ್ ಹಾಕಿಕೊಟ್ಟಿದ್ದರು. ಮೇಷ್ಟ್ರು ಒಂದೇ ಬೆರಳಲ್ಲಿ ಕನ್ನಡ ಕುಟ್ಟುತ್ತಿದ್ದರು, ಅದು ಓದಿ ಹೇಳುತ್ತಿತ್ತು. ಉಸಿರಿಲ್ಲದ, ಏರಿಳಿತವಿಲ್ಲದ ದನಿ. ಅದರಲ್ಲೇ ಬೈಯುತ್ತಿದ್ದರು. "ನಿನ್ನ ಮೊದಲ ವಾದ ಸುಳ್ಳು. ಎರಡನೆಯದು ಮೊದಲನೆಯದರ ತಂಗಿ."

"ಗಂಟ್ಲು ಹೋದ್ರೂ ವಾದ ಹೋಗ್ಲಿಲ್ಲ ನೋಡು ಕಣಮ್ಮ," ಅಂತ ಅವರ ಹೆಂಡತಿ ಅಡುಗೆಮನೆಯಿಂದ ನಗುತ್ತಿದ್ದರು.

ಆಮೇಲೆ ಕಾಯಿಲೆ ಮರುಕಳಿಸಿತು. ಇನ್ನೊಂದು ಆಪರೇಷನ್ ಆಗಬೇಕು ಅಂತ ಭಾಮೈದ ಹಟ ಹಿಡಿದರು. ನಡುಮನೆಯಲ್ಲಿ ಮಾತುಕತೆ ನಡೆದಾಗಲೆಲ್ಲ ಒಳಕೋಣೆಯಿಂದ ಸ್ಪೀಕರು ಅಡ್ಡ ಬರುತ್ತಿತ್ತು. "ಬೇಡ. ಕಾರಣ ಒಂದು, ನಾನು ಬದುಕುವುದಿಲ್ಲ. ಕಾರಣ ಎರಡು, ನಿಮಗೂ ಅದು ಗೊತ್ತು." ನಡುಮನೆಯಲ್ಲಿ ಎಲ್ಲರೂ ಕಾಫಿ ಲೋಟ ನೋಡುತ್ತಾ ಕೂರುತ್ತಿದ್ದರು.

ಒಂದು ಸೋಮವಾರ ನಾನು ಹೋದಾಗ ಮನೆ ನಿಶ್ಶಬ್ದವಾಗಿತ್ತು. ಕಂಪ್ಯೂಟರ್ ನಿಧಾನ ಆಗಿದೆ ಅಂತ ಹಿಂದಿನ ದಿನ ಭಾಮೈದ ಬೇಡದ್ದನ್ನೆಲ್ಲ ತೆಗೆದು 'ಕ್ಲೀನ್' ಮಾಡಿದ್ದರು. ಈಗ ಓದುವ ಪ್ರೋಗ್ರಾಮ್ ತೆರೆದರೆ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು ಬರುತ್ತಿತ್ತು: ಇಂಥ ಫೈಲು ಸಿಗುತ್ತಿಲ್ಲ, ಪ್ರೋಗ್ರಾಮನ್ನು ಮತ್ತೆ ಹಾಕಿದರೆ ಸರಿಹೋಗಬಹುದು.

ಕಂಪ್ಯೂಟರಿನಲ್ಲಿ ಕೆಲವು ಫೈಲುಗಳು ವಠಾರದ ನಲ್ಲಿಯ ಹಾಗೆ. ಹಾಕಿಸಿದವರು ಒಬ್ಬರು, ನೀರು ಹಿಡಿಯುವವರು ಎಲ್ಲರೂ. ಒಂದು ಸಂಸಾರ ಮನೆ ಖಾಲಿ ಮಾಡುವಾಗ ನಲ್ಲಿಯನ್ನೂ ಕಿತ್ತುಕೊಂಡು ಹೋದರೆ ಉಳಿದವರು ಕೊಡ ಹಿಡಿದು ನಿಲ್ಲಬೇಕು. ಭಾಮೈದ ತೆಗೆದದ್ದು ಯಾವುದೋ ಹಳೇ ಆಟ. ಅದರ ಜೊತೆ ಹೋದದ್ದು ಮೇಷ್ಟ್ರ ದನಿಗೂ ಬೇಕಾಗಿದ್ದ ಫೈಲು.

ಭಾಮೈದನಿಗೆ ಫೋನ್ ಮಾಡಿದೆ. "ವೈರಸ್ ಇರ್ಬೇಕು ಬುಡಮ್ಮ," ಅಂದರು.

"ವೈರಸ್ ಅಲ್ಲ ಸಾರ್, ಫೈಲು ಹೋಗಿದೆ. ಸಿ.ಡಿ. ಇದ್ರೆ ಈಗ್ಲೇ ಸರಿಹೋಗುತ್ತೆ."

"ಸಿ.ಡಿ. ಶ್ರೀರಾಂಪುರದ ಮನೇಲಿದೆ. ಭಾನುವಾರ ತರ್ತೀನಿ."

ಆಪರೇಷನ್ನಿಗೆ ಅದೇ ಗುರುವಾರ ಗೊತ್ತುಮಾಡಿದ್ದರು.

ಸೈಬರ್ ಸೆಂಟರಿಗೆ ಹೋಗಿ ಅದೇ ಹೆಸರಿನ ಫೈಲು ಹುಡುಕಿ ಪೆನ್‌ಡ್ರೈವಿನಲ್ಲಿ ತಂದೆ. ಮೇಷ್ಟ್ರು ಸ್ಲೇಟು ತಗೊಂಡು, ನಿಧಾನವಾಗಿ "ಮೂಲ?" ಅಂತ ಬರೆದರು. ಕ್ಲಾಸಿನಲ್ಲಿ ಯಾವ ಮಾತಿಗೂ ಅವರು ಕೇಳುತ್ತಿದ್ದ ಪ್ರಶ್ನೆ. ಯಾವುದೋ ಸೈಟು ಅಂದೆ. ತಲೆ ಅಲ್ಲಾಡಿಸಿ ನಕ್ಕರು. ಅದನ್ನು ಹಾಕಿದರೆ ಬೇರೆಯೇ ಪೆಟ್ಟಿಗೆ ಎದ್ದಿತು. ಹೆಸರು ಒಂದೇ ಆದರೂ ಅದು ಬೇರೆ ಕಾಲದ ಫೈಲು, ಹೊಂದಲಿಲ್ಲ.

ಸ್ಲೇಟು ಇತ್ತಲ್ಲ, ಬರೆದು ಹೇಳಬಹುದಿತ್ತಲ್ಲ ಅಂತೀರಿ. ಬರೆದರು. ಆದರೆ ಸ್ಲೇಟು ಅಡ್ಡ ಮಾತಾಡುವುದಿಲ್ಲ. ಯಾರಾದರೂ ತಿರುಗಿ ನೋಡಬೇಕು, ಮುಗಿಯುವವರೆಗೆ ಕಾಯಬೇಕು. ಮೇಷ್ಟ್ರು ಎರಡನೇ ಪದಕ್ಕೆ ಬರುವಷ್ಟರಲ್ಲಿ ನಡುಮನೆಯ ಮಾತು ಆಂಬುಲೆನ್ಸಿಗೆ ಬಂದಿರುತ್ತಿತ್ತು. "ಭಾವ, ರೆಸ್ಟ್ ತಗೊಳ್ಳಿ," ಅಂತ, ಸಿ.ಡಿ. ಇಲ್ಲದೆಯೇ ಬಂದಿದ್ದ ಭಾಮೈದ ಸ್ಲೇಟನ್ನು ಮೆತ್ತಗೆ ತೆಗೆದು ದಿಂಬಿನ ಆಚೆಗಿಟ್ಟಿದ್ದನ್ನು ನಾನೇ ನೋಡಿದೆ. ಆಮೇಲೆ ಅಕ್ಕನ ಕಡೆ ತಿರುಗಿ, "ಈಗ ಒಪ್ಕೊಂಡಿದ್ದಾರೆ ಕಣಕ್ಕ. ಏನೂ ಅಂತಿಲ್ಲ ನೋಡು," ಅಂದರು.

ಎದುರಾಳಿ ಸುಮ್ಮನಿದ್ದರೆ ಒಪ್ಪಿದ ಅಂತಲ್ಲ, ಮೈಕು ಕೆಟ್ಟಿದೆಯಾ ನೋಡು ಅಂತ ನಮಗೆ ಹೇಳಿಕೊಟ್ಟಿದ್ದವರು ಮೇಷ್ಟ್ರು...

ಆಪರೇಷನ್ ಆದ ಮೇಲೆ ಅವರು ಕಣ್ಣು ಬಿಡಲಿಲ್ಲ. ಬಿಟ್ಟಿದ್ದರೂ, ಮಾಡಿಸದಿದ್ದರೂ ಎಷ್ಟು ದಿನ ಇರುತ್ತಿದ್ದರೋ ನನಗೆ ಗೊತ್ತಿಲ್ಲ. ನನ್ನ ವಾದ ಅದಲ್ಲ. ಅವರು ಬೇಡ ಅಂದಿದ್ದರು. ಆ 'ಬೇಡ' ಆ ಮನೆಯಲ್ಲಿ ಒಂದು ಭಾನುವಾರ ಇದ್ದಕ್ಕಿದ್ದಂತೆ ಕೇಳಿಸದಾಯಿತು.

ಈ ಸಲದ ತಿಥಿಯ ಸಂಜೆ ಮತ್ತೆ ಯಾರೋ ಮೌನದ ಕಥೆ ಶುರುಮಾಡಿದರು. ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಭಾಮೈದ ನನ್ನ ಪಕ್ಕದಲ್ಲೇ ಕೂತು ಹೌದೌದು ಅನ್ನುತ್ತಿದ್ದರು. ಅವರಿಗೂ ಈಗ ವಯಸ್ಸಾಗಿದೆ. ಅವರಿಗಷ್ಟೇ ಕೇಳುವಂತೆ ಕೇಳಿದೆ.

"ಸಾರ್, ಹಂಚಿಕೊಂಡ ಫೈಲು ತೆಗೆಯೋ ಮುಂಚೆ ಕಂಪ್ಯೂಟರ್ ಕೇಳುತ್ತೆ. ಇದನ್ನ ಬೇರೆಯವರೂ ಬಳಸ್ತಾ ಇರಬಹುದು, ತೆಗೀಲಾ ಅಂತ. ಹೌದು ಅಂತ ಒತ್ತೋ ಮುಂಚೆ ನೀವು ಅದನ್ನ ಓದಿದ್ರಾ?"